ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷ ಸಿಗುತ್ತಾ? ಹಳೆ ನಾಣ್ಯ, ನೋಟಿನ ನಿಜವಾದ ಬೆಲೆ ತಿಳಿಯುವುದು ಹೀಗೆ

ಟ್ರ್ಯಾಕ್ಟರ್ ಚಿತ್ರವಿರುವ 5 ರೂಪಾಯಿ ನೋಟು, ವೈಷ್ಣೋದೇವಿ ಚಿತ್ರದ ನಾಣ್ಯ, 786 ನಂಬರಿನ ನೋಟು, ವಿಕ್ಟೋರಿಯಾ ರಾಣಿಯ ಒಂದು ರೂಪಾಯಿ. ಇವುಗಳಲ್ಲಿ ಒಂದಿದ್ದರೂ ನೀವು ಲಕ್ಷಾಧಿಪತಿ, ಕೂಡಲೇ ಈ ನಂಬರಿಗೆ ವಾಟ್ಸಾಪ್ ಮಾಡಿ ಎನ್ನುವ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬೇಕು. ವರ್ಷಕ್ಕೆ ನಾಲ್ಕು ಸಲ ಹೊಸ ಫೋಟೊ ಹಾಕಿಕೊಂಡು ಅದೇ ಮೆಸೇಜ್ ತಿರುಗಿ ಬರುತ್ತದೆ.

ಚಿಕ್ಕ ಉತ್ತರ: ಈ ಪಟ್ಟಿಯಲ್ಲಿರುವ ಬಹುಪಾಲು ವಸ್ತುಗಳಿಗೆ ಲಕ್ಷ ಇರಲಿ, ಸಾವಿರವೂ ಸಿಗುವುದಿಲ್ಲ. ಹಾಗೆಂದು ಹಳೆ ನಾಣ್ಯಕ್ಕೆಲ್ಲ ಬೆಲೆಯೇ ಇಲ್ಲ ಎಂದೂ ಅಲ್ಲ. ಫಾರ್ವರ್ಡ್ ನಂಬಿ ದುಡ್ಡು ಕಳೆದುಕೊಂಡವರು ಒಂದು ಕಡೆ ಇದ್ದರೆ, ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ನಾಣ್ಯವನ್ನು ಬರೀ ಬೆಳ್ಳಿಯ ತೂಕಕ್ಕೆ ಕೊಟ್ಟು ಬಂದವರು ಇನ್ನೊಂದು ಕಡೆ ಇದ್ದಾರೆ. ಎರಡೂ ನಷ್ಟವೇ.

ಒಂದೇ ನಾಣ್ಯ, ಮೂರು ಬೆಲೆ

ಬೆಂಗಳೂರಿನ ಅವೆನ್ಯೂ ರಸ್ತೆಯನ್ನೇ ತೆಗೆದುಕೊಳ್ಳಿ. ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಕೆ.ಆರ್. ಮಾರ್ಕೆಟ್ ಕಡೆಗೆ ಹೋಗುವ, ಹಿಂದೆ ದೊಡ್ಡಪೇಟೆ ಎನ್ನುತ್ತಿದ್ದ ಈ ಬೀದಿಯಲ್ಲಿ ಹಳೆ ಪುಸ್ತಕದ ಅಂಗಡಿಗಳೂ ಇವೆ, ಚಿನ್ನ-ಬೆಳ್ಳಿ ಅಂಗಡಿಗಳೂ ಇವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡುತ್ತಿದ್ದ ಬೆಳ್ಳಿ ರೂಪಾಯಿಯೊಂದನ್ನು ಹಿಡಿದುಕೊಂಡು ನೀವು ಅಲ್ಲಿಗೆ ಹೋದಿರಿ ಎನ್ನೋಣ. ಪುಸ್ತಕದ ಅಂಗಡಿಯವರ ಲೆಕ್ಕದಲ್ಲಿ ಅದು ಒಂದು ರೂಪಾಯಿ. ಇದು ಮುಖಬೆಲೆ. ಬೆಳ್ಳಿ ಅಂಗಡಿಯವರು ತಕ್ಕಡಿಗೆ ಹಾಕಿ ಹೇಳುವುದು ಲೋಹದ ಬೆಲೆ. ಅದೇ ವರ್ಷದ, ಅದೇ ಟಂಕಸಾಲೆಯ ನಾಣ್ಯ ತನ್ನ ಆಲ್ಬಮ್ಮಿನಲ್ಲಿ ಇಲ್ಲ ಎಂದು ಹುಡುಕುತ್ತಿರುವವನು ಕೊಡುವುದು ಸಂಗ್ರಹದ ಬೆಲೆ.

ನ್ಯಾಯವಾದ ಬೆಲೆ ಗೊತ್ತಾಗಬೇಕಾದರೆ ಈ ಮೂರನ್ನೂ ಬೇರೆ ಬೇರೆ ಹಾಕಿ ನೋಡಬೇಕು. ಫಾರ್ವರ್ಡ್‌ನಲ್ಲಿ ಬರುವುದು ಈ ಮೂರರಲ್ಲಿ ಯಾವುದೂ ಅಲ್ಲ. ಯಾರೋ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟು ಬರೆದುಕೊಂಡ ಬೆಲೆ ಅದು. ಬರೆಯುವುದಕ್ಕೆ ದುಡ್ಡು ಕೊಡಬೇಕಿಲ್ಲ. ಒಂದು ರೂಪಾಯಿ ನೋಟಿಗೆ 7 ಲಕ್ಷ ಎಂದು ನೀವೂ ಬರೆಯಬಹುದು, ನಾವೂ ಬರೆಯಬಹುದು. ಕೊಂಡವರು ಯಾರು ಎನ್ನುವುದು ಮುಖ್ಯ.

ಹಳೆಯದಾದರೆ ಸಾಕಾ?

ಸಾಲದು. ಪುಸ್ತಕ ಕೊಳ್ಳುವವರಿಗೆ ಇದು ಗೊತ್ತು. ಮೂವತ್ತು ವರ್ಷ ಹಿಂದಿನ ಪಿಯುಸಿ ಗೈಡ್ ಹಳೆಯದೇ, ಆದರೆ ಅದು ರದ್ದಿಗೆ ಹೋಗುತ್ತದೆ. ನಾಣ್ಯದಲ್ಲೂ ಹಾಗೆಯೇ. ಎಷ್ಟು ಉಳಿದಿವೆ, ಎಷ್ಟು ಜನ ಕೇಳುತ್ತಿದ್ದಾರೆ ಎನ್ನುವುದು ಬೆಲೆ ಕಟ್ಟುತ್ತದೆ.

ವಿಕ್ಟೋರಿಯಾ ರಾಣಿಯ ಮುಖವಿರುವ, 1862 ಎಂದು ಅಚ್ಚಾದ ರೂಪಾಯಿ ಒಳ್ಳೆಯ ಉದಾಹರಣೆ. ನೂರಾರವತ್ತು ವರ್ಷ ಹಳೆಯದು ಎಂದು ಮನೆಯವರು ಜೋಪಾನವಾಗಿಟ್ಟಿರುತ್ತಾರೆ. ಆದರೆ ಆಗ 1862ರ ನಂತರವೂ ಹಲವು ವರ್ಷ ಅದೇ ಇಸವಿ ಹಾಕಿ ನಾಣ್ಯ ಹೊಡೆದರು. ಹಾಗಾಗಿ ಅದು ಧಾರಾಳವಾಗಿ ಸಿಗುತ್ತದೆ. ಅದಕ್ಕಿಂತ ಎಷ್ಟೋ ಈಚಿನ, ಆರನೇ ಜಾರ್ಜ್ ಕಾಲದ 1939ರ ಬೆಳ್ಳಿ ರೂಪಾಯಿ ಸಿಗುವುದು ಬಹಳ ಅಪರೂಪ. ಸಂಗ್ರಾಹಕರು ಅದಕ್ಕೆ ಎಷ್ಟೋ ಪಟ್ಟು ಹೆಚ್ಚು ಕೊಡುತ್ತಾರೆ, ಅದಕ್ಕೇ ಅದರ ನಕಲಿಗಳೂ ಹೆಚ್ಚು. 1939 ಎಂದು ಕಂಡರೆ ಖುಷಿಪಡುವ ಮೊದಲು ಭೂತಗನ್ನಡಿ ಹಿಡಿದು ಕೊನೆಯ ಅಂಕಿಯನ್ನು ಯಾರಾದರೂ ತಿದ್ದಿದ್ದಾರಾ ನೋಡಿ.

ಐದನೇ ಜಾರ್ಜ್‌ನ 1911ರ ರೂಪಾಯಿಯ ಕಥೆ ಇನ್ನೂ ಸ್ವಾರಸ್ಯ. ದೊರೆಯ ನಿಲುವಂಗಿಯ ಮೇಲಿದ್ದ ಆನೆಯ ಚಿತ್ರ ಹಂದಿಯ ಹಾಗೆ ಕಾಣುತ್ತದೆ ಎಂದು ಜನ ತಕರಾರು ತೆಗೆದರು. ಸರ್ಕಾರ ಹಂಚಿಕೆ ನಿಲ್ಲಿಸಿ, ಉಳಿದವನ್ನು ಕರಗಿಸಿ, 1912ರಿಂದ ಚಿತ್ರ ತಿದ್ದಿತು. ಸಂಗ್ರಾಹಕರು ಅದನ್ನು ಇಂದಿಗೂ ‘ಹಂದಿ ರೂಪಾಯಿ’ ಎನ್ನುತ್ತಾರೆ, ಸಾಮಾನ್ಯ ನಾಣ್ಯಕ್ಕಿಂತ ಹೆಚ್ಚು ಕೊಡುತ್ತಾರೆ.

ಇನ್ನು ಫಾರ್ವರ್ಡ್‌ಗಳ ಅಚ್ಚುಮೆಚ್ಚಿನ ವಸ್ತುಗಳು. ವೈಷ್ಣೋದೇವಿ ಚಿತ್ರದ 5 ಮತ್ತು 10 ರೂಪಾಯಿ ನಾಣ್ಯಗಳು 2012ರಲ್ಲಿ ಸಾಮಾನ್ಯ ಚಲಾವಣೆಗೇ ಬಂದವು. ಅವುಗಳಿಂದ ಇವತ್ತೂ ತರಕಾರಿ ಕೊಳ್ಳಬಹುದು. ಟ್ರ್ಯಾಕ್ಟರ್ ನೋಟೂ ಇನ್ನೂ ಚಲಾವಣೆಯ ಮಾನ್ಯತೆ ಇರುವ ನೋಟು. ಮಡಿಕೆ ಬೀಳದ ನೋಟುಗಳ ಪೂರ್ತಿ ಕಟ್ಟು ಇದ್ದರೆ ಸ್ವಲ್ಪ ಹೆಚ್ಚು ಸಿಗಬಹುದು. ಪರ್ಸಿನಲ್ಲಿ ಮಡಿಸಿಟ್ಟ ಒಂದು ನೋಟಿಗೆ ಸಿಗುವುದು ಅಷ್ಟಕ್ಕಷ್ಟೇ.

786 ನೋಟಿಗೆ ಲೆಕ್ಕ ಸುಲಭ. ನೋಟಿನ ನಂಬರಿನಲ್ಲಿ ಆರು ಅಂಕಿ. ಸಾಲಾಗಿ ಬರುವ ಪ್ರತಿ ಸಾವಿರ ನೋಟಿನಲ್ಲಿ ಒಂದು 786ರಿಂದ ಮುಗಿಯುತ್ತದೆ. ಎಲ್ಲಾದರೂ 786 ಬಂದರೆ ಸಾಕು ಎಂದರೆ, 10 ಲಕ್ಷ ನಂಬರ್‌ಗಳಲ್ಲಿ 3,999 ಕಡೆ ಸಿಗುತ್ತದೆ. ಅದೂ ಒಂದೊಂದು ಸರಣಿಯಲ್ಲಿ. ಶುಭವೆಂದು ನಂಬುವವರು ಚೂರು ಹೆಚ್ಚು ಕೊಟ್ಟು ಕೊಳ್ಳುವುದುಂಟು. ಅದು ನಂಬಿಕೆಗೆ ಕೊಡುವ ಕಾಣಿಕೆ, ಅಪರೂಪಕ್ಕೆ ಕೊಡುವ ಬೆಲೆಯಲ್ಲ.

ಬೆಳ್ಳಿ ರೂಪಾಯಿಯ ಲೆಕ್ಕ ಮನೆಯಲ್ಲೇ ಹಾಕಿ

ಅಂಗಡಿಗೆ ಹೋಗುವ ಮೊದಲು ಲೋಹದ ಬೆಲೆ ನಿಮಗೆ ಗೊತ್ತಿರಲಿ. ಬ್ರಿಟಿಷ್ ಕಾಲದ ಒಂದು ರೂಪಾಯಿ ನಾಣ್ಯದ ತೂಕ 11.66 ಗ್ರಾಂ. 1939ರವರೆಗಿನದರಲ್ಲಿ ಶೇ. 91.67 ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. 1940ರಿಂದ 1945ರವರೆಗಿನದರಲ್ಲಿ ಅರ್ಧ ಮಾತ್ರ ಬೆಳ್ಳಿ, 5.83 ಗ್ರಾಂ. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲ್. ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯದರ ಲೋಹವೇ ಸುಮಾರು 1,070 ರೂಪಾಯಿ, ಎರಡನೆಯದು 583. ಆ ದಿನದ ದರ ಹಾಕಿ ಗುಣಿಸಿ. ಅಂಗಡಿಯವರು ಕರಗಿಸುವ ಖರ್ಚು, ತಮ್ಮ ಲಾಭ ಕಳೆದು ಹೇಳುತ್ತಾರೆ, ಅದು ಸಹಜ. ಆದರೆ ವಿಕ್ಟೋರಿಯಾ ರೂಪಾಯಿಗೂ 1944ರ ರೂಪಾಯಿಗೂ ಒಂದೇ ದರ ಹೇಳಿದರೆ ಎದ್ದು ಬನ್ನಿ.

ಅಸಲಿಯೋ ನಕಲಿಯೋ ನೋಡಲು ಅಯಸ್ಕಾಂತ ಹಿಡಿಯುತ್ತಾರೆ. ಅಂಟಿದರೆ ಬೆಳ್ಳಿಯಲ್ಲ ಎನ್ನುವುದು ಸರಿ. ಅಂಟದಿದ್ದರೆ ಬೆಳ್ಳಿ ಎನ್ನುವುದು ತಪ್ಪು, ಏಕೆಂದರೆ ಹಿತ್ತಾಳೆ, ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ. ಇದಕ್ಕಿಂತ ನೀರಿನ ಪರೀಕ್ಷೆ ವಾಸಿ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ. ಶೇ. 91.67 ಬೆಳ್ಳಿಯ ರೂಪಾಯಿಯಾದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು. ಅಷ್ಟೇ ತೂಕದ ಜರ್ಮನ್ ಸಿಲ್ವರ್ ನಕಲಿಯಾದರೆ 1.3 ದಾಟುತ್ತದೆ. ನಾಣ್ಯ ತಳ್ಳುವ ನೀರಿನ ತೂಕ ಅದು. ಬೆಳ್ಳಿ ಹೆಚ್ಚು ಸಾಂದ್ರ, ಅದಕ್ಕೇ ಕಡಿಮೆ ಜಾಗ ಹಿಡಿಯುತ್ತದೆ.

ದಯವಿಟ್ಟು ನಾಣ್ಯವನ್ನು ಹುಣಸೆಹಣ್ಣು, ವಿಭೂತಿ, ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಬೇಡಿ. ಬೆಳ್ಳಿಯ ಮೇಲಿನ ಕಪ್ಪು ಗಾಳಿಯಲ್ಲಿರುವ ಗಂಧಕದಿಂದ ಬಂದ ಪದರ. ಉಜ್ಜಿದಾಗ ಅದರ ಜೊತೆ ಅಚ್ಚಿನ ಸೂಕ್ಷ್ಮ ಗೆರೆಗಳೂ ಸವೆಯುತ್ತವೆ. ಫಳಫಳ ಹೊಳೆಯುವ ಹಳೆ ನಾಣ್ಯ ಕಂಡರೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ತಾಮ್ರದ ಮೇಲಿನ ಕಿಲುಬನ್ನೂ ನೀವಾಗಿ ಕೆರೆಯಬೇಡಿ.

ಬೆಲೆ ಕೇಳುವುದು ಎಲ್ಲಿ?

ಮೊದಲು ನಾಣ್ಯ ಯಾವುದೆಂದು ಗುರುತಿಸಿ: ಇಸವಿ, ಲೋಹ, ಟಂಕಸಾಲೆ, ಸ್ಥಿತಿ. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ವಜ್ರದ ಆಕಾರವಿದ್ದರೆ ಮುಂಬೈ, ದುಂಡನೆ ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ವರ್ಷದ ನಾಣ್ಯಕ್ಕೆ ಒಂದು ಟಂಕಸಾಲೆಯದಾದರೆ ಮುಖಬೆಲೆ, ಇನ್ನೊಂದರದಾದರೆ ಒಳ್ಳೆಯ ಬೆಲೆ ಇರುವುದುಂಟು.

ಆಮೇಲೆ ನೋಡಬೇಕಾದ್ದು ನಿಜವಾಗಿ ಮಾರಾಟವಾದ ಬೆಲೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾದಂಥ ನಾಣ್ಯ ಹರಾಜು ಸಂಸ್ಥೆಗಳು ಯಾವ ನಾಣ್ಯ ಎಷ್ಟಕ್ಕೆ ಹೋಯಿತು ಎಂದು ಪ್ರಕಟಿಸುತ್ತವೆ. ನಿಮ್ಮ ನಾಣ್ಯದ ಇಸವಿ, ಟಂಕಸಾಲೆ, ಸವೆತ ಮೂರೂ ಹೊಂದುವ ನಾಲ್ಕೈದು ಮಾರಾಟ ಹುಡುಕಿ. ಹರಾಜಿನಲ್ಲಿ ಬಳಸದ ಹೊಸ ನಾಣ್ಯಕ್ಕೆ ಬಂದ ಬೆಲೆಯನ್ನು ನಿಮ್ಮ ಸವೆದ ನಾಣ್ಯಕ್ಕೆ ಹಚ್ಚಬೇಡಿ. ಕೊನೆಗೆ ಇಬ್ಬರು ಮೂವರು ವ್ಯಾಪಾರಿಗಳ ಹತ್ತಿರ ‘ಇದರ ಬೆಲೆ ಎಷ್ಟು’ ಎನ್ನದೆ, ‘ನೀವು ಎಷ್ಟಕ್ಕೆ ಕೊಳ್ಳುತ್ತೀರಿ’ ಎಂದು ಕೇಳಿ. ಎರಡೂ ಬೇರೆ ಪ್ರಶ್ನೆ. ಸರ್ಕಾರ ಹೊರಡಿಸುವ ಸ್ಮರಣಾರ್ಥ ನಾಣ್ಯದ ಸೆಟ್ ಬೇಕಿದ್ದರೆ ಭಾರತ ಸರ್ಕಾರದ ಟಂಕಸಾಲೆಯ ವೆಬ್‌ಸೈಟಿನಲ್ಲೇ ಅದರ ದರ ಇರುತ್ತದೆ, ಮಧ್ಯವರ್ತಿಯ ಮಾತು ಕೇಳುವ ಮೊದಲು ಅದನ್ನು ನೋಡಿ.

ನಮ್ಮ ಮೈಸೂರಿನ ನಾಣ್ಯಗಳೂ ಮನೆಗಳಲ್ಲಿ ಸಿಗುತ್ತವೆ. ಟಿಪ್ಪುವಿನ ಆನೆ ಚಿತ್ರದ ತಾಮ್ರದ ಪೈಸೆಗಳನ್ನು ಅಪಾರ ಸಂಖ್ಯೆಯಲ್ಲಿ ಹೊಡೆದಿದ್ದರು. ಸವೆದದ್ದಕ್ಕೆ ದೊಡ್ಡ ಬೆಲೆಯಿಲ್ಲ. ಅಚ್ಚು ಸ್ಪಷ್ಟವಾಗಿ ಓದುವಂತಿದ್ದರೆ, ಅಪರೂಪದ ಟಂಕಸಾಲೆಯ ಹೆಸರಿದ್ದರೆ ಆಗ ಮಾತು ಬೇರೆ. ಕಂಠೀರಾಯಿ ಹಣದಂಥ ಪುಟ್ಟ ಚಿನ್ನದ ನಾಣ್ಯಕ್ಕೆ ತಿಳಿದವರ ಅಭಿಪ್ರಾಯ ಪಡೆಯದೆ ಕೊಡಲೂ ಬೇಡಿ, ಕೊಳ್ಳಲೂ ಬೇಡಿ.

ರಾಮ, ಹನುಮಂತನ ಕಂಪನಿ ನಾಣ್ಯ

ಒಂದು ಬದಿ ರಾಮ-ಸೀತೆ ಅಥವಾ ಹನುಮಂತ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, 1616 ಅಥವಾ 1818. ಇಂಥ ನಾಣ್ಯವನ್ನು ಕಂಪನಿ ಯಾವತ್ತೂ ಹೊಡೆದಿಲ್ಲ. ಇವೆಲ್ಲ ಈಚೆಗೆ ಅಚ್ಚು ಹಾಕಿದ ಬಿಲ್ಲೆಗಳು. ದೇವರ ಗೂಡಿನಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ನಾಣ್ಯವೆಂದು ಬೆಲೆ ಕೊಡಬೇಡಿ. ಕಂಪನಿಯ ಅಸಲಿ 1835ರ ಕಾಲಾಣೆಯ ಮೇಲಿರುವುದು ಕಂಪನಿಯ ಲಾಂಛನ, ಅದೂ ಸುಲಭವಾಗಿ ಸಿಗುವ ನಾಣ್ಯ.

ಇದರದ್ದೇ ಅಪಾಯಕಾರಿ ಅಣ್ಣ ‘ರೈಸ್ ಪುಲ್ಲಿಂಗ್’. ಅಕ್ಕಿ ಕಾಳನ್ನು ಎಳೆಯುವ ತಾಮ್ರದ ನಾಣ್ಯ ಅಥವಾ ಚೊಂಬು, ಅದರಲ್ಲಿ ಇರಿಡಿಯಂ ಇದೆ, ನಾಸಾದವರು ಕೋಟಿಗಟ್ಟಲೆ ಕೊಡುತ್ತಾರೆ ಎನ್ನುವ ಕಥೆ. ತಾಮ್ರವಾಗಲಿ ಇರಿಡಿಯಂ ಆಗಲಿ ಅಕ್ಕಿಯನ್ನು ಎಳೆಯುವುದಿಲ್ಲ. ತೋರಿಸುವವರು ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ ಒಳಗೆ ಅಯಸ್ಕಾಂತ ಇಟ್ಟಿರುತ್ತಾರೆ. ಪರೀಕ್ಷೆಯ ಖರ್ಚು, ವಿಜ್ಞಾನಿಯ ಫೀಸು ಎಂದು ಲಕ್ಷಗಳನ್ನು ಕಿತ್ತುಕೊಂಡ ಪ್ರಕರಣಗಳು ಕರ್ನಾಟಕದ ಪೊಲೀಸರ ಮುಂದೆ ಮತ್ತೆ ಮತ್ತೆ ಬಂದಿವೆ.

ಕಾನೂನು ಏನು ಹೇಳುತ್ತದೆ?

2016ರಲ್ಲಿ ರದ್ದಾದ 500, 1,000ದ ನೋಟುಗಳನ್ನು ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೆ, ಸಂಗ್ರಹಕ್ಕೆ ಎಂದಾದರೆ 25ರವರೆಗೆ. ಮೀರಿದರೆ 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ. 2017ರ ಕಾನೂನು ಇದು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಮಾನ್ಯತೆ 2011ರ ಜೂನ್ 30ಕ್ಕೆ ಮುಗಿಯಿತು, ಇಟ್ಟುಕೊಳ್ಳಲು ತೊಂದರೆಯಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚೀನ ವಸ್ತು, ಅದನ್ನು ಅಮೆರಿಕದಲ್ಲಿರುವ ಮಗನಿಗೆಂದು ಕೊರಿಯರ್ ಮಾಡುವಂತಿಲ್ಲ. ಪಾಯ ತೋಡುವಾಗ ನೆಲದಲ್ಲಿ ಸಿಕ್ಕಿದ್ದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.

ಮೋಸ ನಡೆಯುವುದು ಎಲ್ಲಿ?

ನೀವು ನೋಟಿನ ಫೋಟೊ ಕಳಿಸುತ್ತೀರಿ. ಕೂಡಲೇ ‘ಅಭಿನಂದನೆ, 4 ಲಕ್ಷ’ ಎಂಬ ಉತ್ತರ, ರಿಸರ್ವ್ ಬ್ಯಾಂಕ್ ಮುದ್ರೆಯಿರುವ ಪತ್ರ ಬರುತ್ತದೆ. ಆಮೇಲೆ ನೋಂದಣಿ ಶುಲ್ಕ, ಅದಾದ ಮೇಲೆ ಜಿಎಸ್‌ಟಿ, ಆಮೇಲೆ ಇನ್ಯಾವುದೋ ಪರವಾನಗಿ. ಕೊಟ್ಟಷ್ಟೂ ಇನ್ನೊಂದು ಬಾಕಿ ಇರುತ್ತದೆ. ತನ್ನ ಹೆಸರು, ಲಾಂಛನ ಬಳಸಿ ಹೀಗೆ ಶುಲ್ಕ, ಕಮಿಷನ್, ತೆರಿಗೆ ಕೇಳುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಇಂಥ ವ್ಯವಹಾರವನ್ನು ಬ್ಯಾಂಕ್ ಮಾಡುವುದೂ ಇಲ್ಲ, ತನ್ನ ಪರವಾಗಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ.

ನಿಮ್ಮಿಂದ ವಸ್ತು ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು. ನೀವೇ ಮೊದಲು ಕೊಡಬೇಕಾಗಿ ಬಂದರೆ ಅದು ವ್ಯಾಪಾರವಲ್ಲ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ. ಈಗಾಗಲೇ ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟುಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಚಾಟ್, ಫೋನ್ ನಂಬರ್, ಪಾವತಿಯ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ, ದೂರಿಗೆ ಅವೆಲ್ಲ ಬೇಕು.