ಸ್ವರ್ಣೆಯ ಮೇಲಿನ ಕಾಲುದಾರಿ: ಕೆಮ್ಮಣ್ಣು ತೂಗುಸೇತುವೆ

ಉಡುಪಿ ಸೀಮೆಯ ಸಾರಿಗೆಯ ಇತಿಹಾಸವೆಂದರೆ ಬಂದರು, ಹೆದ್ದಾರಿ ಹಾಗೂ ರೈಲುಮಾರ್ಗಗಳ ಇತಿಹಾಸವೆಂಬ ಭಾವನೆ ರೂಢವಾಗಿದೆ. ಆದರೆ ಹೊಳೆ, ತೋಡು, ಕುದ್ರುಗಳಿಂದ ತುಂಬಿದ ಈ ನೆಲದಲ್ಲಿ ಜನಸಾಮಾನ್ಯರ ನಿತ್ಯದ ಓಡಾಟವನ್ನು ನಿರ್ಧರಿಸಿದ್ದು ಕಾಲುಸಂಕ ಮತ್ತು ಕಡವು. ಅಡಕೆ ಮರದ ಕಾಂಡಗಳನ್ನು ಜೋಡಿಸಿ ಹಾಸಿದ ಕಾಲುಸಂಕವು ಕಿರಿದಾದ ತೋಡಿಗೆ ಸಾಕು. ಅಗಲವಾದ ಹೊಳೆಗೆ ದೋಣಿಯೇ ಗತಿ. ಕಾಲುಸಂಕದ ಕಾಲ ಮುಗಿಯಿತೆನ್ನಲಾಗದು. 2022ರ ಆಗಸ್ಟಿನಲ್ಲಿಯೂ ಬೈಂದೂರು ತಾಲ್ಲೂಕಿನಲ್ಲಿ ಶಾಲಾ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಬಿದ್ದು ಅಸುನೀಗಿದಳು.

ಕಾರ್ಕಳದ ಕಡೆಯಿಂದ ಹರಿದುಬರುವ ಸ್ವರ್ಣಾ ನದಿ ಮಣಿಪಾಲದ ಗುಡ್ಡದ ಬುಡವನ್ನು ಬಳಸಿ, ಕಲ್ಯಾಣಪುರವನ್ನು ದಾಟಿ, ಕಡಲನ್ನು ಸೇರುವ ಮುನ್ನ ಕುದ್ರುಗಳನ್ನು ಸುತ್ತುವರಿಯುತ್ತದೆ. ಅಂಥವುಗಳಲ್ಲೊಂದಾದ ತಿಮ್ಮಣ್ಣಕುದ್ರುವಿಗೆ ಕೆಮ್ಮಣ್ಣಿನಿಂದ ತೂಗುಸೇತುವೆ ನಿರ್ಮಾಣವಾದದ್ದು 1991ರಲ್ಲಿ. ಆಗ ಉಡುಪಿಯು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು.

ಈ ಕಾಲವು ಗಮನಾರ್ಹ. ಇದಕ್ಕೆ ಎರಡು ವರ್ಷ ಮೊದಲು, 1989ರಲ್ಲಿ, ಸುಳ್ಯದ ಮೆಕ್ಯಾನಿಕಲ್ ಇಂಜಿನಿಯರ್ ಗಿರೀಶ್ ಭಾರದ್ವಾಜರು ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆಯನ್ನು ಕಟ್ಟಿದ್ದರು. ಮುಂದೆ ಹಲವು ರಾಜ್ಯಗಳಲ್ಲಿ ನೂರಕ್ಕೂ ಮಿಕ್ಕಿ ಇಂತಹ ಸೇತುವೆಗಳನ್ನು ನಿರ್ಮಿಸಿದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. ಕರಾವಳಿಗೆ ಈ ವಿಧಾನ ಒಗ್ಗಿದ್ದಕ್ಕೆ ಕಾರಣಗಳು ಸ್ಪಷ್ಟ. ಭಾರವನ್ನೆಲ್ಲ ಉಕ್ಕಿನ ಹಗ್ಗಗಳು ಎರಡು ದಡಗಳ ಗೋಪುರಗಳಿಗೂ ಅವುಗಳ ಹಿಂದೆ ನೆಲದಲ್ಲಿ ಹೂತ ಕಾಂಕ್ರೀಟ್ ಗಟ್ಟಿಗಳಿಗೂ ಸಾಗಿಸುವುದರಿಂದ ಹೊಳೆಯ ನಡುವೆ ಕಂಬ ಬೇಡ. ಮಳೆಗಾಲದ ನೆರೆಯಲ್ಲಿ ತೇಲಿಬರುವ ಮರಗಳಿಗೆ ತಡೆಯಿಲ್ಲ. ದೋಣಿಗಳ ಸಂಚಾರಕ್ಕೂ ಅಡ್ಡಿಯಿಲ್ಲ. ವಾಹನದ ಸೇತುವೆಗೆ ಹೋಲಿಸಿದರೆ ವೆಚ್ಚವೂ ಅಲ್ಪ.

ಆದರೆ ನಡೆಯುವವರು ಬದಲಾದರು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದ ಮೊದಲಾಗಿ 1993ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾದ ಮಣಿಪಾಲದ ವಿದ್ಯಾರ್ಥಿಗಳಿಗೂ ದೂರದ ಪ್ರವಾಸಿಗಳಿಗೂ ಈ ಸೇತುವೆ ನೋಟದ ತಾಣವಾಯಿತು. ಕುದ್ರುವಿನವರಿಗೆ ಅದು ದಾಟುವ ದಾರಿ; ಬಂದವರಿಗೆ ನಿಲ್ಲುವ ಜಾಗ. ಈ ಭೇದವು ಕೇವಲ ಭಾವನೆಯದಲ್ಲ, ತೂಕದ್ದು. ಒಬ್ಬರ ಹಿಂದೊಬ್ಬರು ದಾಟುವ ಭಾರವೇ ಬೇರೆ, ನಡುವೆ ಗುಂಪುಗೂಡಿ ತೂಗಿಸುವ ಭಾರವೇ ಬೇರೆ. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ಜನ ಕಿಕ್ಕಿರಿದಿದ್ದ ತೂಗುಸೇತುವೆ ಕುಸಿದು 135 ಮಂದಿ ಮಡಿದರು. ಅಲ್ಲಿ ತುಕ್ಕು ಹಿಡಿದ ತಂತಿಗಳ ಮಾತು ತನಿಖೆಯಲ್ಲಿ ಮುಖ್ಯವಾಗಿ ಬಂತು. ಕೆಮ್ಮಣ್ಣಿನಲ್ಲಾದರೋ ಸೇತುವೆಯ ಕೆಳಗೆ ಉಬ್ಬರದೊಡನೆ ಉಪ್ಪುನೀರೇ ಏರಿಬರುತ್ತದೆ.