ವಿಳಂಬಮಾಪನದ ಒಂದು ಅಧ್ಯಾಯ

ನೈದಿಲೆಯ ನೂರು ಎಸಳುಗಳನ್ನು ಒಂದರ ಮೇಲೊಂದಾಗಿ ಇರಿಸಿ ಸೂಜಿಯಿಂದ ಚುಚ್ಚಿದರೆ, ಅವೆಲ್ಲವೂ ಏಕಕಾಲದಲ್ಲಿ ಭೇದಿಸಲ್ಪಟ್ಟಂತೆ ತೋರುವುದು. ಆದರೆ ಮೊದಲನೆಯ ಎಸಳನ್ನು ದಾಟದೆ ಸೂಜಿಯು ಎರಡನೆಯದನ್ನು ಮುಟ್ಟಲಾರದು. ಕ್ರಮವು ಇದ್ದೇ ಇರುವುದು. ನಡುವಣ ಕಾಲವು ಅತ್ಯಲ್ಪವಾದುದರಿಂದ ಗೋಚರವಾಗದು, ಅಷ್ಟೆ. ಉತ್ಪಲಪತ್ರಶತಭೇದನ್ಯಾಯವೆಂದು ಶಾಸ್ತ್ರಕಾರರು ಹೇಳುವುದು ಇದನ್ನೇ. ತೋರಿಕೆಯ ಯೌಗಪದ್ಯದ ಒಳಗೆ ಕ್ರಮವು ಅಡಗಿರಬಹುದೆಂಬುದನ್ನು ಅವರು ಯುಕ್ತಿಯಿಂದ ಸಾಧಿಸಿದರು. ಆ ಕ್ರಮದ ಕಾಲವೆಷ್ಟೆಂದು ಅಳೆಯುವ ಸಾಧನವು ಮಾತ್ರ ಅವರಲ್ಲಿರಲಿಲ್ಲ.

ಅಲ್ಪಕಾಲಕ್ಕೆ ಹೆಸರುಗಳಿಗೇನೂ ಕೊರತೆಯಿರಲಿಲ್ಲ. 1150ರಲ್ಲಿ ರಚಿತವಾದ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ನಿಮೇಷದ ಮೂವತ್ತನೆಯ ಒಂದು ಭಾಗವನ್ನು ತತ್ಪರವೆಂದೂ, ತತ್ಪರದ ನೂರನೆಯ ಒಂದು ಭಾಗವನ್ನು ತ್ರುಟಿಯೆಂದೂ ಕರೆದಿರುವರು. ಈಗಿನ ಲೆಕ್ಕದಲ್ಲಿ ಒಂದು ತ್ರುಟಿಯೆಂದರೆ ಸೆಕೆಂಡಿನ 33,750ನೆಯ ಒಂದು ಭಾಗ, ಎಂದರೆ ಸುಮಾರು 30 ಮೈಕ್ರೊಸೆಕೆಂಡು. ಇದು ಭಾಗಾಕಾರದಿಂದ ದೊರೆತ ಕಾಲವೇ ಹೊರತು ಯಾರೂ ಯಂತ್ರದಿಂದ ಅಳೆದ ಕಾಲವಲ್ಲ. ಹೆಸರಿಸುವುದು ಒಂದು, ಅಳೆಯುವುದು ಇನ್ನೊಂದು. ತ್ರುಟಿಯ ಹದಿಮೂರನೆಯ ಒಂದು ಭಾಗದಷ್ಟು ಮಾತ್ರ ಬಾಳುವ ಒಂದು ಕಣದ ಆಯುಸ್ಸನ್ನು, ಯುದ್ಧಗ್ರಸ್ತವಾದ ಒಂದು ನಗರದಲ್ಲಿ, ಒಂದು ಶಾಲೆಯ ನೆಲಮಾಳಿಗೆಯಲ್ಲಿ ಕುಳಿತು ಅಳೆದವರ ವೃತ್ತಾಂತವು ಈ ಭೇದವನ್ನು ಚೆನ್ನಾಗಿ ತಿಳಿಸುವುದು.

1912ರಲ್ಲಿ ವಿಕ್ಟರ್ ಹೆಸ್ ಎಂಬವರು ಬಲೂನಿನಲ್ಲಿ ಮೇಲೇರಿ, ಭೂಮಿಯ ಮೇಲೆ ಆಕಾಶದಿಂದ ಒಂದು ಬಗೆಯ ಕಿರಣಗಳು ಎಡೆಬಿಡದೆ ಸುರಿಯುತ್ತಿರುವುವೆಂದು ಕಂಡುಕೊಂಡರು. ಇವೇ ವಿಶ್ವಕಿರಣಗಳು. 1935ರಲ್ಲಿ ಜಪಾನಿನ ಹಿದೇಕಿ ಯುಕಾವಾ ಅವರು, ಪರಮಾಣುವಿನ ನ್ಯೂಕ್ಲಿಯಸ್ಸನ್ನು ಬಿಗಿದಿಡುವ ಶಕ್ತಿಗೆ ಕಾರಣವಾಗಿ ಎಲೆಕ್ಟ್ರಾನಿಗಿಂತ ಸುಮಾರು ಇನ್ನೂರು ಪಾಲು ಭಾರವಾದ ಕಣವೊಂದಿರಬೇಕೆಂದು ಊಹಿಸಿದರು. ಎರಡು ವರ್ಷಗಳೊಳಗೆ ವಿಶ್ವಕಿರಣಗಳಲ್ಲಿ ಹೆಚ್ಚು ಕಡಮೆ ಅಷ್ಟೇ ಭಾರವುಳ್ಳ ಕಣವು ಅಮೆರಿಕದಲ್ಲಿ ಕಂಡುಬಂದಿತು. ಅದನ್ನು ಆಗ ಮೆಸೊಟ್ರಾನ್ ಎಂದು ಕರೆದರು. ಈಗ ಮ್ಯೂಯಾನ್ ಎನ್ನುವರು. ಯುಕಾವಾ ಅವರ ಕಣವು ಇದೇ ಎಂದು ಬಹುಮಂದಿ ವಿದ್ವಾಂಸರು ನಂಬಿದರು. ಆ ಕಣವು ಶಾಶ್ವತವಲ್ಲ, ಹುಟ್ಟಿ ಅಳಿಯುವಂಥದು ಎಂದೂ ತಿಳಿದುಬಂದಿತು. ಹಾಗಾದರೆ ಅದರ ಆಯುಸ್ಸೆಷ್ಟು?

ಇದನ್ನು ಅಳೆಯಲು ಬೇಕಾದ ಮೊದಲನೆಯ ಸಾಧನವು ಇಟಲಿಯಲ್ಲಿ ಸಿದ್ಧವಾಗಿದ್ದಿತು. 1930ರಲ್ಲಿ ಫ್ಲಾರೆನ್ಸ್ ನಗರದ ಬಳಿಯ ಅರ್ಚೆತ್ರಿಯಲ್ಲಿ ತರುಣರಾದ ಬ್ರೂನೊ ರಾಸಿ ಅವರು ರೇಡಿಯೊ ವಾಲ್ವುಗಳಿಂದ ಒಂದು ವಿದ್ಯುನ್ಮಂಡಲವನ್ನು ರಚಿಸಿದರು. ಕಣವೊಂದು ಹಾದುಹೋದಾಗ ಗೈಗರ್ ಗಣಕದಿಂದ ಒಂದು ವಿದ್ಯುತ್‌ಸ್ಪಂದ ಹೊರಡುವುದು. ರಾಸಿ ಅವರ ಮಂಡಲದಲ್ಲಿ ಒಂದೊಂದು ಗಣಕಕ್ಕೂ ಒಂದೊಂದು ವಾಲ್ವು. ಅನೇಕ ಅಗುಳಿಗಳುಳ್ಳ ಬಾಗಿಲು ಎಲ್ಲ ಅಗುಳಿಗಳೂ ಒಟ್ಟಿಗೆ ಸರಿದಾಗಲೇ ತೆರೆಯುವಂತೆ, ಎಲ್ಲ ಗಣಕಗಳಿಂದಲೂ ಏಕಕಾಲದಲ್ಲಿ ಸ್ಪಂದ ಬಂದರೆ ಮಾತ್ರ ಈ ಮಂಡಲವು ಸಂಜ್ಞೆ ಕೊಡುವುದು. ಇದಕ್ಕೆ ಏಕಕಾಲಿಕತಾಮಂಡಲವೆಂದು ಹೆಸರಿಡಬಹುದು.

ಅಂಥ ವಿದ್ವಾಂಸರಿಗೆ ಸ್ವದೇಶದಲ್ಲಿ ನೆಲೆಯಿಲ್ಲದಂತಾಯಿತು. ಪದುವಾ ವಿಶ್ವವಿದ್ಯಾನಿಲಯದ ಭೌತವಿಜ್ಞಾನಮಂದಿರವನ್ನು ಮುಂದೆ ನಿಂತು ಕಟ್ಟಿಸಿದವರು ರಾಸಿ. 1938ರಲ್ಲಿ ಮುಸೊಲಿನಿಯ ಸರ್ಕಾರವು ಯೆಹೂದ್ಯರ ವಿರುದ್ಧ ಮಾಡಿದ ಶಾಸನಗಳ ಮೂಲಕ ಅವರನ್ನು ಆ ಮಂದಿರದಿಂದಲೇ ಹೊರದೂಡಿತು. ಅದೇ ವರ್ಷದ ಕೊನೆಗೆ ಎನ್ರಿಕೊ ಫರ್ಮಿಯೂ, ಮರುವರ್ಷ ಫ್ರಾಂಕೊ ರಾಸೆಟ್ಟಿಯೂ ದೇಶವನ್ನು ಬಿಟ್ಟರು. ರಾಸೆಟ್ಟಿ ಅವರು 1941ರಲ್ಲಿ ಕೆನಡದಲ್ಲಿಯೂ, ರಾಸಿ ಅವರು ನಾರಿಸ್ ನೆರೆಸನ್ ಅವರೊಡನೆ 1942ರಲ್ಲಿ ಅಮೆರಿಕದಲ್ಲಿಯೂ ಮೆಸೊಟ್ರಾನಿನ ಆಯುಸ್ಸನ್ನು ಅಳೆದರು. ಆದರೆ ಯುದ್ಧದ ದೆಸೆಯಿಂದ ಸಮುದ್ರದ ಈಚೆ ದಡಕ್ಕೆ ಆ ವಾರ್ತೆ ತಲುಪಲಿಲ್ಲ.

ರೋಮಿನಲ್ಲಿ ಉಳಿದವರಲ್ಲಿ ಮಾರ್ಚೆಲ್ಲೊ ಕನ್ವರ್ಸಿ, ಒರೆಸ್ತೆ ಪಿಚ್ಚಿಯೋನಿ ಎಂಬ ಇಬ್ಬರು ತರುಣರಿದ್ದರು. ಇಬ್ಬರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರು ಅದೇ ಪ್ರಶ್ನೆಯನ್ನು ಸ್ವತಂತ್ರವಾಗಿ ಕೈಗೆತ್ತಿಕೊಂಡರು. 1943ರ ಜುಲೈ 19ರಂದು ಮಿತ್ರರಾಷ್ಟ್ರಗಳ ವಿಮಾನಗಳು ರೋಮಿನ ಸಾನ್ ಲೊರೆಂಜೊ ಬಡಾವಣೆಯ ಮೇಲೆ ಬಾಂಬುಗಳನ್ನು ಸುರಿಸಿದುವು. ಪಕ್ಕದಲ್ಲಿಯೇ ಇದ್ದ ವಿಶ್ವವಿದ್ಯಾನಿಲಯದ ಮೇಲೂ ಬಾಂಬುಗಳು ಬಿದ್ದುವು. ತರುಣರು ತಮ್ಮ ಉಪಕರಣಗಳನ್ನು ಊರಿನ ಇನ್ನೊಂದು ಕಡೆಗೆ ಸಾಗಿಸಿ, ವರ್ಜೀಲಿಯೊ ಎಂಬ ಪ್ರೌಢಶಾಲೆಯ ನೆಲಮಾಳಿಗೆಯಲ್ಲಿ ಹೂಡಿದರು. ಆ ಶಾಲೆಯು ಪೋಪರ ವ್ಯಾಟಿಕನ್ನಿಗೆ ಸಮೀಪದಲ್ಲಿದ್ದುದರಿಂದ ಅಲ್ಲಿ ಬಾಂಬು ಬೀಳಲಾರದೆಂಬುದು ಅವರ ನಂಬಿಕೆ. ಸೆಪ್ಟೆಂಬರ್ 8ರಂದು ಇಟಲಿಯು ಶರಣಾಗತವಾದ ವಾರ್ತೆ ಪ್ರಕಟವಾಯಿತು. ಜರ್ಮನ್ ಸೈನ್ಯವು ರೋಮನ್ನು ಆಕ್ರಮಿಸಿತು. ವಾಲ್ವುಗಳು ಬೇಕಾದರೆ ಕಾಳಸಂತೆಯೇ ಗತಿ. ಹೊರಗೆ ತರುಣರು ಕಣ್ಣಿಗೆ ಬೀಳುವುದೇ ಅಪಾಯವಾಗಿದ್ದ ಆ ತಿಂಗಳುಗಳಲ್ಲಿ ನೆಲಮಾಳಿಗೆಯಲ್ಲಿ ಗಣನೆಯು ಸಾಗಿತು.

ಅವರ ಯಂತ್ರದ ರಹಸ್ಯವಿಷ್ಟು. ಮೇಲಿನಿಂದ ಬಂದ ಮೆಸೊಟ್ರಾನು ಮೇಲಣ ಗಣಕಗಳನ್ನು ಹಾದು, ಕೆಳಗಿರುವ ಕಬ್ಬಿಣದ ತುಂಡಿನಲ್ಲಿ ನಿಂತುಬಿಡುವುದು. ಸ್ವಲ್ಪ ಕಾಲ ಕಳೆದ ಬಳಿಕ ಅದು ಅಳಿದು, ಅದರಿಂದ ಹುಟ್ಟಿದ ಎಲೆಕ್ಟ್ರಾನು ಇನ್ನೊಂದು ಗಣಕವನ್ನು ತಾಗುವುದು. ಎರಡು ಸ್ಪಂದಗಳೂ ಏಕಕಾಲಿಕವಲ್ಲವಾದುದರಿಂದ ರಾಸಿ ಅವರ ಮಂಡಲವೊಂದರಿಂದಲೇ ಕಾರ್ಯವಾಗದು. ಮೊದಲನೆಯ ಸ್ಪಂದವನ್ನು ಗೊತ್ತಾದಷ್ಟು ಕಾಲ ಬೇಕೆಂದೇ ತಡೆದು, ಆಮೇಲೆ ಎರಡನೆಯದರೊಡನೆ ಹೋಲಿಸಬೇಕು. ತಡೆಯುವ ಬಗೆಯನ್ನು ತಿಳಿಯಲು ಜೋಯಿಸರ ಘಳಿಗೆಬಟ್ಟಲನ್ನು ನೆನೆಯಬಹುದು. ಬಟ್ಟಲಿನ ರಂಧ್ರವು ಕಿರಿದಾದಷ್ಟೂ, ಬಟ್ಟಲು ಹಿರಿದಾದಷ್ಟೂ ಅದು ತುಂಬಿ ಮುಳುಗುವುದಕ್ಕೆ ಹೆಚ್ಚು ಕಾಲ ಹಿಡಿಯುವುದು. ವಿದ್ಯುನ್ಮಂಡಲದಲ್ಲಿ ರಂಧ್ರದ ಸ್ಥಾನದಲ್ಲಿ ರೋಧಕವೂ ಬಟ್ಟಲಿನ ಸ್ಥಾನದಲ್ಲಿ ವಿದ್ಯುತ್ತನ್ನು ತುಂಬಿಕೊಳ್ಳುವ ಕಂಡೆನ್ಸರೂ ಇರುವುವು. ಹತ್ತು ಸಾವಿರ ಓಮುಗಳ ರೋಧಕಕ್ಕೆ ನೂರು ಪಿಕೊಫ್ಯಾರಡಿನ ಕಂಡೆನ್ಸರನ್ನು ಸೇರಿಸಿದರೆ ಆ ಬಟ್ಟಲಿನ ಘಳಿಗೆಯು ಒಂದು ಮೈಕ್ರೊಸೆಕೆಂಡು. ವಿಳಂಬವನ್ನು ಬದಲಿಸುತ್ತ, ಒಂದೊಂದು ವಿಳಂಬಕ್ಕೆ ಎಷ್ಟು ಕಣಗಳು ಅಳಿದುವೆಂದು ಎಣಿಸುತ್ತ ಹೋದರೆ ಆಯುಸ್ಸು ತಾನೇ ಹೊರಬೀಳುವುದು.

ಕೇಳಲು ಸುಲಭ, ಮಾಡಲು ಕಷ್ಟ. ಗೈಗರ್ ಗಣಕವು ತಾನೇ ಮೈಕ್ರೊಸೆಕೆಂಡಿನ ಕೆಲವು ದಶಾಂಶಗಳಷ್ಟು ತಡಮಾಡುವುದುಂಟು. ಅದೂ ಪ್ರತಿಸಲ ಒಂದೇ ಸಮನಾಗಿ ಅಲ್ಲ. ಕಂಡ ವಿಳಂಬವು ಕಣದ್ದೋ ಯಂತ್ರದ್ದೋ ಎಂಬ ಸಂಶಯವು ಪರಿಹಾರವಾಗದೆ ಅಳತೆಗೆ ಬೆಲೆಯಿಲ್ಲ. ಎಲ್ಲ ಗಣಕಗಳನ್ನೂ ನೇರವಾಗಿ ತೂರಿಹೋಗುವ ಕಣಗಳನ್ನು ಎಣಿಸಿದಾಗ ತೋರುವ ವಿಳಂಬವು ಯಂತ್ರದ್ದೇ ಸರಿ; ಯಂತ್ರದ ದೋಷವನ್ನು ಹೀಗೆ ಮೊದಲು ಅರಿಯಬೇಕು. ಕಬ್ಬಿಣದಲ್ಲಿ ನಿಲ್ಲುವ ಮೆಸೊಟ್ರಾನುಗಳಾದರೋ ವಿರಳ. ದಿನಗಟ್ಟಲೆ ಎಣಿಸಿದಲ್ಲದೆ ಲೆಕ್ಕವು ನಿಲ್ಲದು. ಇಷ್ಟೆಲ್ಲ ತಾಳ್ಮೆಯ ಫಲವಾಗಿ 2.33 ಮೈಕ್ರೊಸೆಕೆಂಡು, 0.15ರಷ್ಟು ಹೆಚ್ಚು ಕಡಮೆ, ಎಂಬ ಬೆಲೆ ದೊರೆಯಿತು. ರಾಸಿ ಮತ್ತು ನೆರೆಸನ್ 1942ರಲ್ಲಿ ಪಡೆದ ಬೆಲೆಯು 2.3. ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದೆ, ಯುದ್ಧದ ಎರಡು ಪಕ್ಕಗಳಲ್ಲಿದ್ದು, ಇಬ್ಬರೂ ಒಂದೇ ಸಂಖ್ಯೆಯನ್ನು ಮುಟ್ಟಿದ್ದರು. ಈಗ ಅಂಗೀಕೃತವಾದ ಬೆಲೆ 2.197.

1944ರ ಜೂನ್ 4ರಂದು ರೋಮ್ ಬಿಡುಗಡೆಯಾಯಿತು. ಉತ್ತರ ಇಟಲಿಯಲ್ಲಿ ಜರ್ಮನರ ವಿರುದ್ಧ ಗುಪ್ತವಾಗಿ ಹೋರಾಡುತ್ತಿದ್ದ ಎತ್ತೋರೆ ಪಂಚೀನಿ ಅವರು ಯುದ್ಧವು ಮುಗಿದ ಮೇಲೆ ಇವರನ್ನು ಕೂಡಿಕೊಂಡರು. ಮೂವರೂ ಅದೇ ವಿಳಂಬಯಂತ್ರವನ್ನು ಇನ್ನೊಂದು ಪ್ರಶ್ನೆಗೆ ಹಚ್ಚಿದರು. ಮೆಸೊಟ್ರಾನು ಯುಕಾವಾ ಅವರ ಕಣವೇ ಆಗಿದ್ದರೆ, ಋಣವಿದ್ಯುತ್ತುಳ್ಳ ಮೆಸೊಟ್ರಾನನ್ನು ನ್ಯೂಕ್ಲಿಯಸ್ಸು ಸೆಳೆದು ಒಡನೆಯೇ ನುಂಗಬೇಕು. ಅದಕ್ಕೆ ತಾನಾಗಿ ಅಳಿಯಲು ಅವಕಾಶವೇ ಇರದು. ಧನ ಋಣ ಕಣಗಳನ್ನು ಕಾಂತೀಕೃತವಾದ ಕಬ್ಬಿಣದ ಪಟ್ಟಿಗಳಿಂದ ಬೇರ್ಪಡಿಸಿ, 1ರಿಂದ 4.5 ಮೈಕ್ರೊಸೆಕೆಂಡುಗಳ ನಡುವೆ ಬಂದ ಸ್ಪಂದಗಳನ್ನು ಮಾತ್ರ ಅವರು ಎಣಿಸಿದರು. ಕಬ್ಬಿಣದಲ್ಲಿ ಫಲವು ಊಹಿಸಿದಂತೆಯೇ ಬಂದಿತು. 1946ರಲ್ಲಿ ಕಬ್ಬಿಣದ ಬದಲು ಇಂಗಾಲವನ್ನಿಟ್ಟಾಗ ಋಣಕಣಗಳೂ ಧನಕಣಗಳಂತೆಯೇ ಬಾಳಿ ಅಳಿದುವು. ಫಲಿತಾಂಶವು 1947ರಲ್ಲಿ ಪ್ರಕಟವಾಯಿತು. ಸಿದ್ಧಾಂತವು ಹೇಳಿದುದಕ್ಕೂ ಯಂತ್ರವು ಕಂಡುದಕ್ಕೂ ಇರುವ ಅಂತರ ಸುಮಾರು ಲಕ್ಷ ಕೋಟಿ ಪಾಲು ಎಂದು ಫರ್ಮಿ ಮೊದಲಾದವರು ಲೆಕ್ಕಹಾಕಿದರು. ಹತ್ತು ವರ್ಷಗಳಿಂದ ನಂಬಿಕೊಂಡು ಬಂದ ಮಾತು ಬಿದ್ದುಹೋಯಿತು. ಯುಕಾವಾ ಅವರ ನಿಜವಾದ ಕಣವಾದ ಪಯಾನು ಅದೇ ವರ್ಷ ಬ್ರಿಸ್ಟಲಿನಲ್ಲಿ ಬೇರೆಯಾಗಿ ದೊರೆಯಿತು. 1968ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಲೂಯಿ ಅಲ್ವಾರೆಜ್ ಅವರು, ಆಧುನಿಕ ಕಣವಿಜ್ಞಾನದ ಆರಂಭವನ್ನು ಈ ಪ್ರಯೋಗದಲ್ಲಿಯೇ ಗುರುತಿಸಿದರು.

ಕನ್ನಡನಾಡಿಗೂ ಈ ಕಥೆಗೂ ನಂಟಿಲ್ಲದಿಲ್ಲ. ವೇಗವಾಗಿ ಚಲಿಸುವ ಈ ಕಣದ ಆಯುಸ್ಸು ಸಾಪೇಕ್ಷತಾಸಿದ್ಧಾಂತದಂತೆ ದೀರ್ಘವಾಗಿ ತೋರಬೇಕೆಂದು 1938ರಲ್ಲಿ ಸೂಚಿಸಿದವರು ಹೋಮಿ ಭಾಭಾ. 2.2 ಮೈಕ್ರೊಸೆಕೆಂಡುಗಳಲ್ಲಿ ಬೆಳಕೇ ಸುಮಾರು 660 ಮೀಟರು ಮಾತ್ರ ಹೋಗಬಲ್ಲುದು. ಆದರೂ ಬಹು ಎತ್ತರದಲ್ಲಿ ಹುಟ್ಟಿದ ಮ್ಯೂಯಾನುಗಳು ನೆಲವನ್ನು ಮುಟ್ಟುವುದು ಈ ಕಾರಣದಿಂದಲೇ. ಕನ್ವರ್ಸಿ ಮತ್ತು ಪಿಚ್ಚಿಯೋನಿ ನೆಲಮಾಳಿಗೆಯಲ್ಲಿ ಎಣಿಸುತ್ತಿದ್ದ ವರ್ಷಗಳಲ್ಲಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ ವಿಶ್ವಕಿರಣಗಳನ್ನೇ ಕುರಿತು ಸಂಶೋಧಿಸುತ್ತಿದ್ದರು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದಿಂದ ಬಂದ ನ್ಯೂಟ್ರಿನೊಗಳ ಗುರುತು ದೊರೆತುದೂ ಇಂಥದೇ ಏಕಕಾಲಿಕತೆಯ ಯಂತ್ರಗಳಿಂದ.

ಈಗ ಪ್ರಯೋಗಶಾಲೆಯ ಮೇಜಿನ ಮೇಲಿರುವ ವಿಳಂಬಜನಕವೆಂಬ ಪುಟ್ಟ ಪೆಟ್ಟಿಗೆಯಲ್ಲಿ ಅಂಕಿಗಳನ್ನು ಒತ್ತಿದರೆ ಸಾಕು. ಮೈಕ್ರೊಸೆಕೆಂಡಿನ ಹತ್ತುಲಕ್ಷದ ಒಂದು ಭಾಗವಾದ ಪಿಕೊಸೆಕೆಂಡುಗಳ ಲೆಕ್ಕದಲ್ಲಿ ಸ್ಪಂದವನ್ನು ತಡೆದು ಬಿಡಬಹುದು. ಅದನ್ನು ಒತ್ತುವ ವಿದ್ಯಾರ್ಥಿಯು, ವರ್ಜೀಲಿಯೊ ಶಾಲೆಯ ನೆಲಮಾಳಿಗೆಯಲ್ಲಿ ಕಾಳಸಂತೆಯ ವಾಲ್ವುಗಳನ್ನು ಬೆಸೆದು, ತಮ್ಮ ಯಂತ್ರದ ತಡವನ್ನು ಮೊದಲು ಅಳೆದುಕೊಂಡು ಆಮೇಲೆ ಪ್ರಕೃತಿಯ ತಡವನ್ನು ಅಳೆದ ಆ ಇಬ್ಬರು ತರುಣರನ್ನು ಒಮ್ಮೆ ಸ್ಮರಿಸುವುದು ಯುಕ್ತವಾದುದು.