ಬಳ್ಳಿಗಾವೆಗೆ ಬಂದವರು, ಬಳ್ಳಿಗಾವೆಯಿಂದ ಹೋದವರು

ಶಿವಮೊಗ್ಗೆ ಜಿಲ್ಲೆಯ ಉತ್ತರದಂಚಿನಲ್ಲಿ, ಮಲೆನಾಡಿನ ಕಾಡು ವಿರಳವಾಗುತ್ತ ಬಯಲುಸೀಮೆಯ ಹೊಲಗಳು ಕಾಣತೊಡಗುವ ಎಡೆಯಲ್ಲಿರುವ ಶಿಕಾರಿಪುರ, ಸೊರಬ ಎಂಬ ಎರಡು ತಾಲ್ಲೂಕುಗಳು ಇಂದು ಭತ್ತಕ್ಕೂ ಅಡಕೆಗೂ ಜೋಳಕ್ಕೂ ಹೆಸರಾದುವೇ ಹೊರತು ಧರ್ಮೋಪದೇಶದ ಕ್ಷೇತ್ರಗಳೆಂದು ಯಾರೂ ಅವುಗಳನ್ನು ಎಣಿಸುವುದಿಲ್ಲ. ಆದರೆ ಬನವಾಸಿ ಹನ್ನಿರ್ಚ್ಛಾಸಿರವೆಂಬ ಪ್ರಾಂತದೊಳಗೆ ನಾಗರಖಂಡವೆಂದೂ ಜಿಡ್ಡುಳಿಗೆಯೆಂದೂ ಕರೆಯಿಸಿಕೊಳ್ಳುತ್ತಿದ್ದ ನಾಡುಗಳ ಈ ನೆಲಕ್ಕೆ ಸಾವಿರ ವರ್ಷಗಳಿಗೂ ಮೀರಿದ ಕಾಲದಲ್ಲಿ ವೈದಿಕರು ಬಂದರು, ಜೈನಯತಿಗಳು ಬಂದರು, ಬೌದ್ಧರು ಬಂದರು, ಕಾಳಾಮುಖರು ಬಂದರು. ಮತ್ತು ಹೀಗೆ ಬಂದವರ ವಿದ್ಯೆಯನ್ನೂ ವಾದವನ್ನೂ ಉಂಡು ಬೆಳೆದ ನೆಲವು ಒಂದು ಕಾಲಕ್ಕೆ ತಾನೇ ಅನುಭಾವಿಗಳನ್ನು ಹೊರನಾಡುಗಳಿಗೆ ಕಳುಹಿಸಿತು. ಮತಪ್ರಸಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮತಗಳ ಏಳುಬೀಳುಗಳನ್ನು ಹೇಳುತ್ತಾರಲ್ಲದೆ, ಬೋಧಕರನ್ನು ಪಡೆಯುವ ಸೀಮೆ ಕಳುಹಿಸುವ ಸೀಮೆಯಾಗುವುದು ಹೇಗೆ, ಅನಂತರ ಮತ್ತೆ ಪಡೆಯುವ ಸೀಮೆಯಾಗುವುದು ಏಕೆ ಎಂಬುದನ್ನು ವಿಚಾರಿಸುವುದು ಅಪರೂಪ. ಆ ವಿಚಾರಕ್ಕೆ ಈ ಸೀಮೆಯ ಬಳ್ಳಿಗಾವೆಯಂಥ ಇನ್ನೊಂದು ಊರು ಕನ್ನಡನಾಡಿನಲ್ಲಿ ನನಗೆ ತೋರುವುದಿಲ್ಲ.

ಆದಿಯನ್ನು ಇದೇ ಸೀಮೆಯ ತಾಳಗುಂದದಲ್ಲಿ ಹುಡುಕಬೇಕು. ಪ್ರಾಚೀನಕಾಲದಲ್ಲಿ ಸ್ಥಾಣಕುಂದೂರೆನಿಸಿದ್ದ ಈ ಅಗ್ರಹಾರದ ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬದ ಮೇಲೆ, ಕದಂಬ ಶಾಂತಿವರ್ಮನ ಕಾಲದಲ್ಲಿ, ಎಂದರೆ ಐದನೆಯ ಶತಮಾನದ ಮಧ್ಯಭಾಗದ ಸುಮಾರಿಗೆ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನವಿದೆ. ಸಾತಕರ್ಣಿ ಮೊದಲಾದ ಅರಸರು ಅರ್ಚಿಸಿದ್ದ ಮಹಾದೇವನ ಗುಡಿ ಅಲ್ಲಿ ಆಗಲೇ ಪುರಾತನವಾಗಿತ್ತೆಂದೂ, ಮಯೂರಶರ್ಮನು ವೇದಾಧ್ಯಯನವನ್ನು ಪೂರೈಸಲೆಂದು ಗುರು ವೀರಶರ್ಮನೊಡನೆ ಕಂಚಿಗೆ ಹೋದನೆಂದೂ ಅದು ತಿಳಿಸುತ್ತದೆ. ಈ ಸೀಮೆಯ ವಿದ್ಯೆಗೆ ಅಂದು ಕಂಚಿಯೇ ಆಶ್ರಯ. ಇಲ್ಲಿನ ವಿದ್ಯಾರ್ಥಿ ಅಲ್ಲಿಗೆ ಹೋಗಬೇಕಾಗಿತ್ತು. ಎಷ್ಟೋ ಶತಮಾನಗಳ ಮೇಲೆ ಬರೆಯಿಸಿದ ಶಾಸನಗಳಲ್ಲಿ ಇನ್ನೊಂದು ಕಥೆ ರೂಢಿಗೆ ಬಂದಿತು: ಮುಕ್ಕಣ್ಣ ಕದಂಬನೆಂಬ ಅರಸನು ದಕ್ಷಿಣದಲ್ಲಿ ಬ್ರಾಹ್ಮಣರಿಲ್ಲವೆಂದು ಚಿಂತಿಸಿ, ಉತ್ತರದ ಅಹಿಚ್ಛತ್ರದಿಂದ ಸಾವಿರಾರು ಬ್ರಾಹ್ಮಣರನ್ನು ಕರೆತಂದು ಸ್ಥಾಣಕುಂದೂರಿನಲ್ಲಿ ನೆಲೆಗೊಳಿಸಿದನೆಂಬುದು ಅದರ ಸಾರ. ಸಂಖ್ಯೆಯನ್ನು ಯಾರೂ ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ತಮ್ಮ ಆಚಾರಕ್ಕೆ ದೂರದೇಶದ ಮೂಲವನ್ನು ಕಲ್ಪಿಸಿಕೊಂಡ ಜನರು, ಧರ್ಮವೆಂಬುದು ಬೇರೆಡೆಯಿಂದ ಬಂದು ಇಲ್ಲಿ ಬೇರೂರಿದ್ದೆಂದು ಒಪ್ಪಿಕೊಳ್ಳುವುದರಲ್ಲಿ ಗೌರವವನ್ನೇ ಕಂಡರೆಂಬುದು ಆ ಕಥೆಯಿಂದ ಸ್ಪಷ್ಟವಾಗುತ್ತದೆ.

ಜೈನರು ಬಂದ ಬಗೆ ಬೇರೆ. ಅವರ ಯತಿಗಳು ಅಗ್ರಹಾರದವರಂತೆ ಒಕ್ಕಲಾಗಿ ಬಂದವರಲ್ಲ. ಸಂಚಾರಿಗಳಾಗಿ ಬಂದು ನಾಡೊಡೆಯರ ಮತ್ತು ಗಾವುಂಡರ ಮನೆಗಳಲ್ಲಿ ಶ್ರದ್ಧೆಯನ್ನು ನೆಟ್ಟವರು. ರಾಷ್ಟ್ರಕೂಟರ ಕಾಲದಲ್ಲಿ, ಗಂಡನು ತೀರಿಕೊಂಡಮೇಲೆ ನಾಗರಖಂಡ ಎಪ್ಪತ್ತರ ಆಡಳಿತವನ್ನೇ ವಹಿಸಿಕೊಂಡು ನಡೆಸಿದ ಜಕ್ಕಿಯಬ್ಬೆ, ವ್ಯಾಧಿ ಬಲಿತಾಗ ಅಧಿಕಾರವನ್ನು ಮಗಳಿಗೊಪ್ಪಿಸಿ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ನಾಡನ್ನಾಳುವ ಹೆಣ್ಣೊಬ್ಬಳು ಈ ಬಗೆಯ ಅಂತ್ಯವನ್ನು ತಾನಾಗಿ ವರಿಸಿದ ಮೇಲೆ, ಆ ಧರ್ಮವು ಹೊರಗಿನದೆಂದು ಯಾರು ಹೇಳಬಲ್ಲರು? ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ 1077ರಲ್ಲಿ ನಡೆದದ್ದು ಇನ್ನೂ ಹೃದ್ಯವಾದದ್ದು. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿ, ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿದಾಗ, ಅಗ್ರಹಾರದ ಮಹಾಜನರನ್ನು ಬದಿಗಿರಿಸದೆ, ಅವರನ್ನು ಪೂಜಿಸಿ, ಆ ಬಸದಿಗೆ ಬ್ರಹ್ಮಜಿನಾಲಯವೆಂಬ ಹೆಸರನ್ನು ಅವರ ಬಾಯಿಂದಲೇ ಇಡಿಸಿದಳು. ಧರ್ಮಪ್ರಸಾರಕ್ಕೆ ವಾದದ ಗೆಲುವಿಗಿಂತ ಇಂಥ ವಿವೇಕವೇ ಹೆಚ್ಚು ನೆರವಾಗುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ಬಳ್ಳಿಗಾವೆ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿ, ವರ್ತಕಸಂಘಗಳ ನೆಲೆಯಾಗಿ, ಶಿಲ್ಪಿಗಳ ತವರಾಗಿ ಮೆರೆದ ಈ ಪಟ್ಟಣದಲ್ಲಿ ಹರಿ, ಹರ, ಕಮಲಾಸನ, ವೀತರಾಗ, ಬುದ್ಧ ಎಂಬ ಐವರ ಆಲಯಗಳೂ ಇದ್ದುವೆಂದು 1129ರ ಶಾಸನವೊಂದು ಹೆಮ್ಮೆಯಿಂದ ಹೇಳುತ್ತದೆ. ಆ ಹೆಮ್ಮೆ ಬರಿಯ ಕವಿಸಮಯವಲ್ಲ. 1065ರಲ್ಲಿ ಚಾಳುಕ್ಯರ ಅಧಿಕಾರಿ ರೂಪಭಟ್ಟಯ್ಯನು ಇಲ್ಲಿ ಜಯಂತಿ ಬೌದ್ಧವಿಹಾರವನ್ನು ಸ್ಥಾಪಿಸಿ, ತಾರಾಭಗವತಿಯ ಮತ್ತು ಬುದ್ಧನ ಪೂಜೆಗೆ ಮಾತ್ರವಲ್ಲದೆ ಕೇಶವನ ಪೂಜೆಗೂ ಅದರಲ್ಲಿ ವ್ಯವಸ್ಥೆ ಮಾಡಿದನು. 1068ರಲ್ಲಿ, ಮರದಿಂದ ಕಟ್ಟಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಕಲ್ಲಿನಿಂದ ಕಟ್ಟಿಸಬೇಕೆಂದು ಒಡೆಯನಾದ ಲಕ್ಷ್ಮರಸನನ್ನು ಬೇಡಿಕೊಂಡವನು ಬೇರೆ ಯಾರೂ ಅಲ್ಲ, ‘ಸುಕುಮಾರಚರಿತೆ’ಯ ಕವಿ ಶಾಂತಿನಾಥ. ಮರವು ಕಲ್ಲಾದುದೆಂದರೆ ಬಿಡಾರವು ಮನೆಯಾದಂತೆ. ಮತವೊಂದು ಪರಸ್ಥಳದಲ್ಲಿ ಇನ್ನು ತಾನು ಹೊರಡುವುದಿಲ್ಲವೆಂದು ನಿಶ್ಚಯಿಸಿಕೊಂಡ ಗಳಿಗೆ ಅದು.

ಆದರೆ ಈ ಪಟ್ಟಣದ ಹೆಸರನ್ನು ದೇಶಾಂತರಗಳಿಗೆ ಒಯ್ದವರು ಕಾಳಾಮುಖ ಶೈವರು. ಅವರಲ್ಲಿ ಶಕ್ತಿಪರ್ಷೆಯೆಂಬ ಶಾಖೆಯೂ, ಅದರೊಳಗೆ ಮೂವರ ಕೋಣೆಯ ಸಂತತಿಯೆಂಬ ಗುರುಪರಂಪರೆಯೂ ಇದ್ದು, ಒಂದೊಂದು ಊರಿನ ಸ್ಥಾನಪತಿ ಇನ್ನೊಂದು ಊರಿನ ಸ್ಥಾನಪತಿಯೊಡನೆ ಗುರುಶಿಷ್ಯಸಂಬಂಧದಿಂದ ಕಟ್ಟುವಡೆದಿದ್ದನು. 1036ರಷ್ಟು ಹಿಂದೆಯೇ ಜಗದೇಕಮಲ್ಲ ಜಯಸಿಂಹನು ಇಲ್ಲಿನ ಪಂಚಲಿಂಗ ದೇವಾಲಯಕ್ಕೆ ದತ್ತಿ ಕೊಟ್ಟಾಗ, ಅದನ್ನು ಸ್ವೀಕರಿಸಿದ ಲಾಕುಳೀಶ್ವರ ಪಂಡಿತನು ಬೌದ್ಧ ಜೈನಾದಿ ವಾದಿಗಳನ್ನೆಲ್ಲ ಸೋಲಿಸಿದವನೆಂದು ಶಾಸನಕಾರನು ವರ್ಣಿಸಿದ್ದಾನೆ. ಅದಕ್ಕಿಂತಲೂ ದೊಡ್ಡದಾದದ್ದು ದಕ್ಷಿಣಕೇದಾರವೆನಿಸಿದ ಕೇದಾರೇಶ್ವರನ ಗುಡಿಗೆ ಸೇರಿದ ಕೋಡಿಯ ಮಠ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರು ನೂರು ವರ್ಷಗಳಿಗೂ ಮಿಕ್ಕ ಕಾಲ ಅದನ್ನು ನಡೆಸಿದರು. ಸೋಮೇಶ್ವರನ ಅನುಜನಾದ ವಿದ್ಯಾಭರಣನು, ಮಠದ ಪರಿಪಾಲನೆಯ ಹೊರೆಯು ವಿದ್ಯಾನಂದಕ್ಕೆ ವಿಘ್ನವೆಂದು ಬಗೆದು ಅದನ್ನು ಹಿರಿಯ ಶಿಷ್ಯನಿಗೆ ಒಪ್ಪಿಸಿದನೆಂಬ ಮಾತನ್ನು ಶಾಸನದಲ್ಲಿ ಓದುವಾಗ, ಆ ಮಠದ ಮನಸ್ಸು ಎತ್ತ ವಾಲಿತ್ತೆಂಬುದು ತಾನಾಗಿ ತಿಳಿಯುತ್ತದೆ.

1162ರಲ್ಲಿ ಕಳಚುರಿ ಬಿಜ್ಜಳನು ದಕ್ಷಿಣದ ದಿಗ್ವಿಜಯಕ್ಕೆಂದು ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಾಗ ಕೆತ್ತಿಸಿದ ಶಾಸನವು ಕೋಡಿಯ ಮಠವನ್ನು ವರ್ಣಿಸುವ ಪರಿಯನ್ನು ಕನ್ನಡಿಗರೆಲ್ಲ ಒಮ್ಮೆಯಾದರೂ ಓದಬೇಕು. ಸಾಂಗವಾದ ನಾಲ್ಕು ವೇದಗಳು, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯಗಳಷ್ಟೇ ಅಲ್ಲದೆ ಬೌದ್ಧದರ್ಶನವೂ, ಲಾಕುಳಸಿದ್ಧಾಂತ, ಪಾತಂಜಲಯೋಗ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕಗಳು ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದುವು. ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅಲ್ಲಿ ಅನ್ನವುಂಟು. ಏಕದಂಡಿ ತ್ರಿದಂಡಿಗಳಿಗೂ ಹಂಸ ಪರಮಹಂಸರಿಗೂ ಜೈನ ಕ್ಷಪಣಕರಿಗೂ ಭಿಕ್ಷೆಯುಂಟು. ನಾನಾ ದೇಶಗಳಿಂದ ಬಂದ ರೋಗಿಗಳಿಗೆ ಚಿಕಿತ್ಸೆಯುಂಟು. ಸಕಲ ಪ್ರಾಣಿಗಳಿಗೂ ಅಭಯವುಂಟು. ವಾದದಲ್ಲಿ ಪ್ರತಿಪಕ್ಷಿಯನ್ನು ಕಾಡಿಗೆ ಹತ್ತಿದ ಕಿಚ್ಚಿನಂತೆ ಸುಡುವೆನೆಂದು ಹೊಗಳಿಸಿಕೊಂಡ ಮತವೇ, ಆ ಪ್ರತಿಪಕ್ಷಿ ಹಸಿದು ಬಂದರೆ ಎಲೆಹಾಕಿ ಬಡಿಸುತ್ತಿತ್ತು. ಇವೆರಡನ್ನೂ ಒಂದೇ ಅಂಗಳದಲ್ಲಿ ಇಟ್ಟುಕೊಂಡಿದ್ದ ಆ ಕಾಲವನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುತ್ತೇನೆ.

ಈ ವೈಭವದ ಶಿಖರದಲ್ಲಿಯೇ ಸ್ಥಾನಪಲ್ಲಟದ ಬೀಜವೂ ಇತ್ತು. ಬಳ್ಳಿಗಾವೆಯ ಮಠಗಳು ಸಂಸ್ಕೃತದಲ್ಲಿ ಬೋಧಿಸಿ, ಅರಸರ ದತ್ತಿಯಿಂದ ಬಾಳಿ, ತಮ್ಮನ್ನು ಅರಸಿ ಬಂದವರಿಗೆ ವಿದ್ಯೆಯನ್ನು ಕೊಡುತ್ತಿದ್ದುವು; ಹೊಲಗೇರಿಗಾಗಲಿ ಕಾಯಕದವರ ಕೇರಿಗಾಗಲಿ ಅವು ತಾವಾಗಿ ನಡೆದುಹೋಗಲಿಲ್ಲ. ಅದೇ ಹನ್ನೆರಡನೆಯ ಶತಮಾನದಲ್ಲಿ, ಇದೇ ಊರಿನಲ್ಲಿ ಹುಟ್ಟಿ ಗುಡಿಯಲ್ಲಿ ಮದ್ದಳೆ ನುಡಿಸುತ್ತಿದ್ದನೆಂದು ಕಾವ್ಯಪರಂಪರೆ ಹೇಳುವ ಅಲ್ಲಮನು, ಅನಿಮಿಷನೆಂಬ ಗುರುವಿನಿಂದ ಲಿಂಗವನ್ನು ಪಡೆದು ಹೊರಟುಹೋದನು. ಹತ್ತಿರದ ಉಡುತಡಿಯಿಂದ ಮಹಾದೇವಿ ಅರಮನೆಯನ್ನೂ ಉಡುಗೆಯನ್ನೂ ತೊರೆದು ಹೊರಟುಹೋದಳು. ಇಬ್ಬರೂ ಸೇರಿದ್ದು ಕಲ್ಯಾಣವನ್ನು, ಅಲ್ಲಿಂದ ಮುಂದೆ ಶ್ರೀಶೈಲದ ದಾರಿಯನ್ನು. ಎದುರುದಿಕ್ಕಿನಿಂದ ಆಳಂದೆಯ ಏಕಾಂತದ ರಾಮಯ್ಯನು ಬಂದು, ಇಲ್ಲಿಗೆ ಸಮೀಪದ ಅಬ್ಬಲೂರಿನಲ್ಲಿ ಜೈನರೊಡನೆ ಪಂಥ ಕಟ್ಟಿ, ಶಿರಸ್ಸನ್ನು ಅರಿದು ಮರಳಿ ಪಡೆದನೆಂದು ಆ ಊರಿನ ಶಾಸನವೇ ಸಾರುತ್ತದೆ. ಆ ಅಬ್ಬಲೂರಿನ ಬ್ರಹ್ಮೇಶ್ವರ ದೇವಾಲಯದ ಸ್ಥಾನಿಕರಾದರೋ ಬಳ್ಳಿಗಾವೆಯ ಕಾಳಾಮುಖ ಸಂತತಿಗೇ ಸೇರಿದವರು. ಹೀಗೆ ಹಳೆಯ ಮಠದ ನೆರಳಿನಲ್ಲಿಯೇ ಹೊಸ ಭಕ್ತಿ ಮೊಳೆತು, ಕನ್ನಡದ ವಚನವನ್ನು ವಾಹನವಾಗಿಸಿಕೊಂಡು, ಮಠವು ತಲುಪದ ಜನರನ್ನು ತಲುಪಿತು. ಮುಂದಿನ ಶತಮಾನಗಳಲ್ಲಿ ಅನೇಕ ಕಾಳಾಮುಖ ಸ್ಥಾನಗಳು ವೀರಶೈವ ಮಠಗಳಾಗಿ ಪರಿಣಮಿಸಿದುವು. ಚಾಳುಕ್ಯರ ಕಲ್ಯಾಣ ಮುಗಿದು, ಹೊಯ್ಸಳರೂ ಸೇವುಣರೂ ಈ ಸೀಮೆಗಾಗಿ ಕಾದಾಡತೊಡಗಿದಮೇಲೆ ಬಳ್ಳಿಗಾವೆಯ ವ್ಯಾಪಾರವೂ ದತ್ತಿಗಳೂ ಬತ್ತಿದುವು. ಶಿಲ್ಪಿಗಳಂತೂ ಮೊದಲೇ ಹೊರಗೆ ಹೆಸರು ಮಾಡಿದ್ದರು. ಬೇಲೂರಿನ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜನ ಮತ್ತು ಅವನ ಮಗ ಚಾವಣನ ಹೆಸರುಗಳನ್ನು ಇಂದಿಗೂ ಓದಬಹುದು.

ಪಡೆದ ಸೀಮೆ ಕಳುಹಿಸುವ ಸೀಮೆಯಾಗುವ ಈ ನಿಯಮ ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದನ್ನು ಅತ್ಯಂತ ದೂರದ ಒಂದು ನಿದರ್ಶನದಿಂದ ಕಾಣಬಹುದು. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ ಹುಟ್ಟಿದ ಮಾರ್ಮನ್ ಸಭೆ 1837ರಲ್ಲಿ ಇಂಗ್ಲೆಂಡಿಗೆ ಬೋಧಕರನ್ನು ಕಳುಹಿಸಿತು. ಶತಮಾನದ ನಡುವಿನ ವೇಳೆಗೆ ಅದರ ಕೇಂದ್ರವಾದ ಯೂಟಾದಲ್ಲಿದ್ದುದಕ್ಕಿಂತ ಹೆಚ್ಚು ಅನುಯಾಯಿಗಳು ಬ್ರಿಟನ್ನಿನಲ್ಲಿಯೇ ಇದ್ದರು, ಮತ್ತು ಅವರಲ್ಲಿ ಸಾವಿರಾರು ಮಂದಿ ಕಡಲು ದಾಟಿ ಆ ಕೇಂದ್ರವನ್ನೇ ತುಂಬಿದರು. ಅದೇ ಸಭೆ 1850ರ ದಶಕದಲ್ಲಿ ಕಲ್ಕತ್ತೆಯನ್ನು ನೆಲೆಯಾಗಿಟ್ಟುಕೊಂಡು ಭಾರತದಲ್ಲಿ ಮಾಡಿದ ಪ್ರಯತ್ನ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಒಂದು ಶತಮಾನಕ್ಕೂ ಮೀರಿದ ಮೇಲೆ, 1993ರಲ್ಲಿ, ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡು ಭಾರತಕ್ಕೆಂದು ಪ್ರತ್ಯೇಕ ಪ್ರಚಾರಮಂಡಲವನ್ನು ಅದು ಏರ್ಪಡಿಸಿತು. 2007ರಲ್ಲಿ ದೆಹಲಿಯಲ್ಲಿ ಎರಡನೆಯದನ್ನು ತೆರೆಯಿತು. 2018ರಲ್ಲಿ ಬೆಂಗಳೂರಿನಲ್ಲಿ ದೇವಾಲಯವನ್ನು ಕಟ್ಟುವುದಾಗಿ ಸಾರಿತು. 2012ರಲ್ಲಿ ತರುಣರು ಬೋಧನೆಗೆ ಹೊರಡುವ ವಯೋಮಿತಿಯನ್ನು ಇಳಿಸಿ, ಮರುವರ್ಷವೇ 58 ಹೊಸ ಮಂಡಲಗಳನ್ನು ರಚಿಸಿದ ಆ ಸಭೆ, ಅನುಯಾಯಿಗಳು ಹೆಚ್ಚುವ ಕಡೆ ಮಂಡಲಗಳನ್ನು ಒಡೆದು, ಬೆಳವಣಿಗೆ ಕುಗ್ಗಿದ ಕಡೆ ಅವನ್ನು ಕೂಡಿಸುತ್ತ ಬಂದಿದೆ. ಕಾಳಾಮುಖರ ಪರ್ಷೆ, ಸಂತತಿ, ಸ್ಥಾನಗಳೆಂಬ ವಿಭಾಗಕ್ರಮಕ್ಕೂ ಇದಕ್ಕೂ ಸಿದ್ಧಾಂತದಲ್ಲಿ ಏನೊಂದು ಸಾಮ್ಯವೂ ಇಲ್ಲ. ದಾರಿ, ಪೇಟೆ, ಪೋಷಕ, ಕೇಳುವ ಕಿವಿ ಇವು ಎಲ್ಲಿವೆಯೋ ಅಲ್ಲಿಗೆ ಬೋಧಕನು ಹೋಗುತ್ತಾನೆಂಬಷ್ಟರಲ್ಲಿ ಎರಡೂ ಒಂದೇ.

ಕಳುಹಿಸುತ್ತಿದ್ದ ನೆಲ ಮತ್ತೆ ಪಡೆಯುವ ನೆಲವಾದುದು ವಿಜಯನಗರದ ಆರಂಭಕಾಲದಲ್ಲಿ. ಬುಕ್ಕರಾಯನ ಅಧೀನದಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಿಂದ ಈ ಪ್ರಾಂತವನ್ನಾಳಿದ ಮಾಧವಮಂತ್ರಿಯು ಶೈವಾಚಾರ್ಯನಾದ ಕಾಶೀವಿಲಾಸ ಕ್ರಿಯಾಶಕ್ತಿಯ ಶಿಷ್ಯ. ‘ಸೂತಸಂಹಿತೆ’ಗೆ ವ್ಯಾಖ್ಯಾನವನ್ನು ಬರೆದ ವಿದ್ವಾಂಸ. ಅವನು 1368ರಲ್ಲಿ, ಶೈವಾಚಾರದಲ್ಲಿ ನಿಪುಣರಾದ ಎಂಬತ್ತು ಮಂದಿ ಕಾಶ್ಮೀರ ಬ್ರಾಹ್ಮಣರಿಗೆ ಗ್ರಾಮವೊಂದನ್ನು ಅಗ್ರಹಾರವಾಗಿ ಕೊಟ್ಟನೆಂದು ಶಿಕಾರಿಪುರ ತಾಲ್ಲೂಕಿನ ಶಾಸನವೊಂದು ತಿಳಿಸುತ್ತದೆ. ಇನ್ನೂರು ವರ್ಷಗಳ ಹಿಂದೆ ದಕ್ಷಿಣದಲ್ಲೆಲ್ಲ ಪ್ರಖ್ಯಾತವಾದ ಶೈವವಿದ್ಯಾಪೀಠವಿದ್ದ ಸೀಮೆಗೆ ಶೈವವನ್ನು ಬಲ್ಲವರನ್ನು ಕಾಶ್ಮೀರದಿಂದ ತರಬೇಕಾಯಿತೆಂಬುದನ್ನು ಓದಿದಾಗ ಮನಸ್ಸು ಕಲಕದಿರದು. ಕೋಡಿಯ ಮಠದ ಪಾಠಗಳು ಅಷ್ಟರೊಳಗೆ ನಿಂತುಹೋಗಿದ್ದಿರಬೇಕು. ಜನಸಾಮಾನ್ಯರ ಶೈವವಾದರೋ ವಚನಗಳ ದಾರಿಯನ್ನು ಹಿಡಿದು, ಆಗಮವಿದ್ಯೆಯ ಹಂಗಿಲ್ಲದೆ ಬೇರೆಯಾಗಿ ಬೆಳೆಯುತ್ತಿತ್ತು.

ಈ ಶಾಸನಗಳಲ್ಲಿ ಬಹುಪಾಲನ್ನು ನಮಗೆ ಉಳಿಸಿಕೊಟ್ಟವನು, ಬೆಂಗಳೂರಿನಲ್ಲಿ ಕ್ರೈಸ್ತಬೋಧಕನಾಗಿದ್ದ ಬೆಂಜಮಿನ್ ರೈಸನ ಮಗನಾದ ಲೂಯಿ ರೈಸ್. ಶಿಕಾರಿಪುರದವು 1902ರಲ್ಲಿ, ಸೊರಬದವು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಮತ್ತು ಎಂಟನೆಯ ಸಂಪುಟಗಳಾಗಿ ಹೊರಬಂದುವು. ಆ ಎಂಟನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಹಿರೇಆವಲಿಯ ನಿಷಿಧಿಗಲ್ಲುಗಳ ಪಾಠಗಳಿವೆ. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ, ಬಂದಣಿಕೆಯ ವೈಭವ ಕಳೆದು, ನಾಡನ್ನಾಳುವವರು ಅನ್ಯಮತದವರಾಗಿದ್ದ ಕಾಲದಲ್ಲಿ, ಆ ಹಳ್ಳಿಯ ಗೌಡರೂ ಅವರ ಮಡದಿಯರೂ ಒಬ್ಬರ ಹಿಂದೊಬ್ಬರು ಸಮಾಧಿವಿಧಿಯಿಂದ ಮುಡಿಪಿದರೆಂದೂ, ಉಳಿದವರು ಅವರಿಗೆ ಕಲ್ಲು ನಿಲ್ಲಿಸಿದರೆಂದೂ ಅವು ಹೇಳುತ್ತವೆ. ಅರಸರ ಮುದ್ರೆಯಿಂದ ಬಂದ ದತ್ತಿಗಳಲ್ಲ ಅವು. ರಾಜಧಾನಿಯ ಪಂಡಿತರ ವಾದದ ಬಿರುದುಗಳೂ ಅವುಗಳಲ್ಲಿಲ್ಲ. ಜಕ್ಕಿಯಬ್ಬೆಯ ಕಾಲಕ್ಕೂ ಅವರ ಕಾಲಕ್ಕೂ ನಡುವೆ ನಾನೂರು ವರ್ಷಗಳಿಗೂ ಹೆಚ್ಚು ಅಂತರವಿದ್ದರೂ, ಅವಳು ಮುಡಿಪಿದ ವಿಧಿಯನ್ನೇ ಆ ಒಕ್ಕಲುಮಕ್ಕಳು ತಮ್ಮ ಊರಿನಲ್ಲಿ, ತಮ್ಮವರ ಸಮ್ಮುಖದಲ್ಲಿ, ತಮ್ಮ ಖರ್ಚಿನಿಂದ ನಡೆಸಿಕೊಂಡು ಬಂದಿದ್ದರು.